ಗಾಜಿನ ಕಡಲಿಗೊಂದು ಕೋಡಿ

ಹುಲಗೂರಿನಿಂದ ಪಶ್ಚಿಮಕ್ಕೆ ನೇರ ಗೆರೆ ಎಳೆದರೂ ಕಡಲು ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಶಿಗ್ಗಾವಿ, ಸವಣೂರು ಸೀಮೆಯ ಮನೆಯೊಂದರಲ್ಲಿ ಕಡಲ ಮೀನು ಸಾಕುವುದು ಈಗ ಆಗದ ಮಾತಲ್ಲ. ಕಡಲ ಉಪ್ಪಿನ ಮಿಶ್ರಣ ಚೀಲದಲ್ಲಿ ಸಿಗುತ್ತದೆ. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಮೀನನ್ನು ಕಡಲಿಂದ ಹಿಡಿದು ತರದೆ ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿ ಬಹಳ ವರ್ಷಗಳಾದವು. ಒಂದು ಮಾತನ್ನು ಮಾತ್ರ ಮೊದಲೇ ಹೇಳಬೇಕು. ಕಲ್ಲಿನಂಥ ಗೂಡು ಕಟ್ಟುವ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಮುರ್ಡೇಶ್ವರದ ಆಚೆ ನೇತ್ರಾಣಿ ನಡುಗಡ್ಡೆಯ ಸುತ್ತ ಬೆಳೆದಿರುವ ಹವಳವನ್ನು ಮುಳುಗಿ ನೋಡಬಹುದು, ಚೂರೂ ಕಿತ್ತು ತರುವಂತಿಲ್ಲ. ತರಲೂಬಾರದು.

ಹವಳವಿರಲಿ, ಬರೀ ಮೀನು-ಸಿಗಡಿಗಳಿರಲಿ, ಇಂಥ ತೊಟ್ಟಿ ಉಳಿಯುವುದೂ ಅಳಿಯುವುದೂ ಅದರ ಪೈಪುಗಳ ಜೋಡಣೆಯಲ್ಲಿ. ಅದನ್ನು ಕರೆಂಟ್ ಇರುವ ಹೊತ್ತಿಗೆಂದು ಕಟ್ಟಿದರೆ ಸಾಲದು. ನಮ್ಮ ಊರುಗಳಲ್ಲಂತೂ ಕರೆಂಟ್ ಹೋಗುವ ಹೊತ್ತಿಗೆಂದೇ ಕಟ್ಟಬೇಕು.

ವ್ಯವಸ್ಥೆ ಹೀಗಿದೆ. ಮೇಲೆ ಮೀನಿರುವ ಗಾಜಿನ ತೊಟ್ಟಿ, ಅದರ ಕೆಳಗಿನ ಕಪಾಟಿನಲ್ಲಿ ಇನ್ನೊಂದು ತೊಟ್ಟಿ, ಅಂದರೆ ಸಂಪು. ಮೇಲಿನ ನೀರು ತನ್ನ ತೂಕಕ್ಕೇ ಸಂಪಿಗೆ ಇಳಿಯುತ್ತದೆ, ಸೋಸಿಕೊಳ್ಳುತ್ತದೆ, ಪಂಪು ಅದನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ಹೊಸಬರು ಇಲ್ಲಿ ಕೇಳುವ ಪ್ರಶ್ನೆ ಸಹಜವಾದದ್ದೇ: ಇಳಿಯುವ ನೀರಿಗೂ ಏರುವ ನೀರಿಗೂ ಸರಿಹೊಂದಿಸುವವರು ಯಾರು? ಪಂಪು ಸ್ವಲ್ಪ ಜೋರಾದರೆ ಮೇಲಿನ ತೊಟ್ಟಿ ತುಂಬಿ ಚೆಲ್ಲುವುದಿಲ್ಲವೇ?

ಉತ್ತರ ನಮ್ಮ ಕೆರೆಗಳಲ್ಲಿದೆ. ಹಾನಗಲ್ಲಿನ ಆನಿಕೆರೆಯಾಗಲಿ, ಸವಣೂರಿನ ಮೋತಿ ತಲಾಬವಾಗಲಿ, ಹಿರೇಕೆರೂರು ಕಡೆಯ ವಿಜಯನಗರ ಕಾಲದ ಮದಗ-ಮಾಸೂರು ಕೆರೆಯಾಗಲಿ, ಎಷ್ಟು ಮಳೆ ಬರಬೇಕೆಂದು ಯಾವ ಕೆರೆಯೂ ಗೊತ್ತುಮಾಡಲಾರದು. ನೀರು ಎಷ್ಟೆತ್ತರ ನಿಲ್ಲಬೇಕು ಎಂಬುದನ್ನು ಕೋಡಿ ಗೊತ್ತುಮಾಡುತ್ತದೆ. ಗಾಜಿನ ತೊಟ್ಟಿಯ ಹಿಂಬದಿಯಲ್ಲಿ ಒಂದು ಅಂಚು ಮಾಡಿ, ಅದರಾಚೆ ಚಿಕ್ಕ ಪೆಟ್ಟಿಗೆ ಕಟ್ಟಿ, ಪೆಟ್ಟಿಗೆಯಿಂದ ಪೈಪು ಇಳಿಸಿದರೆ ಅದೇ ಕೋಡಿ. ಪಂಪು ಎಷ್ಟು ನೀರು ಕಳಿಸಿದರೂ ಅಷ್ಟೇ ನೀರು ಅಂಚು ದಾಟುತ್ತದೆ. ಬದಲಾಗುವುದು ಅಂಚಿನ ಮೇಲೆ ಹರಿಯುವ ನೀರಿನ ದಪ್ಪ ಮಾತ್ರ.

ಆ ದಪ್ಪಕ್ಕೆ ಲೆಕ್ಕವಿದೆ. ಕೋಡಿಯ ಮೇಲಿನ ನೀರು ಎರಡು ಪಟ್ಟು ದಪ್ಪವಾದರೆ ಹರಿವು ಎರಡು ಪಟ್ಟಲ್ಲ, ಸುಮಾರು 2.8 ಪಟ್ಟಾಗುತ್ತದೆ. ಕೋಡಿಯ ಉದ್ದ ಹೆಚ್ಚಿದಷ್ಟೂ ಅದೇ ಹರಿವಿಗೆ ದಪ್ಪ ಕಡಿಮೆ. ಗಂಟೆಗೆ 3000 ಲೀಟರ್ ಹರಿಯಬೇಕೆಂದುಕೊಳ್ಳಿ. ಅಂಚು 60 ಸೆಂಟಿಮೀಟರ್ ಉದ್ದವಿದ್ದರೆ ನೀರಿನ ದಪ್ಪ ಸುಮಾರು 8 ಮಿಲಿಮೀಟರ್. ಬರೀ 10 ಸೆಂಟಿಮೀಟರ್ ಇದ್ದರೆ 27 ಮಿಲಿಮೀಟರ್. ಕೆರೆ ಕಟ್ಟಿದವರು ಕೋಡಿಯನ್ನು ಅಗಲ ಬಿಟ್ಟದ್ದು ಏರಿಯ ಮೇಲೆ ನೀರು ಹತ್ತಬಾರದೆಂದು. ತೊಟ್ಟಿಯಲ್ಲಿ ಇನ್ನೂ ಒಂದು ಲಾಭವಿದೆ. ಮೀನಿನ ಲೋಳೆ, ತಿಂದು ಬಿಟ್ಟ ಆಹಾರದ ಜಿಡ್ಡು ನೀರಿನ ಮೇಲ್ಮೈಯಲ್ಲಿ ತೆಳ್ಳಗೆ ಪೊರೆ ಕಟ್ಟುತ್ತವೆ. ಉದ್ದನೆಯ ಅಂಚಿನ ಮೇಲೆ ತೆಳುವಾಗಿ ಜಾರುವ ನೀರು ಆ ಪೊರೆಯನ್ನೇ ಎಳೆದುಕೊಂಡು ಹೋಗುತ್ತದೆ. ಪೊರೆ ಹೋದಲ್ಲಿ ಗಾಳಿಯ ಆಮ್ಲಜನಕ ಸಲೀಸಾಗಿ ನೀರಿಗಿಳಿಯುತ್ತದೆ.

ಪೆಟ್ಟಿಗೆಯಿಂದ ಇಳಿಯುವ ಪೈಪಿನದು ಬೇರೆಯೇ ಕಥೆ. ಪೈಪಿನ ತುಂಬ ನೀರಿದ್ದರೆ ಅದು ಸೈಫನ್ ಆಗಿ ಎಳೆಯುತ್ತದೆ. ಒಂದಿಂಚಿನ ಪೈಪೇ ಗಂಟೆಗೆ 3000 ಲೀಟರನ್ನು ಸದ್ದಿಲ್ಲದೆ ಇಳಿಸಬಲ್ಲದು. ನೀರಿನ ಜೊತೆ ಗಾಳಿ ಸೇರಿತೋ, ನೀರು ಪೈಪಿನ ಒಳಗೋಡೆಗೆ ಅಂಟಿಕೊಂಡು ಇಳಿಯುತ್ತದೆ, ಹರಿವು ಬಹಳಷ್ಟು ತಗ್ಗುತ್ತದೆ, ಗುಳುಗುಳು ಸದ್ದು ರಾತ್ರಿಯಿಡೀ ನಿಲ್ಲುವುದಿಲ್ಲ. ಅಮೆರಿಕದ ಹವ್ಯಾಸಿಗಳು ಇದಕ್ಕೆ ಕಂಡುಕೊಂಡ ಪರಿಹಾರಗಳಲ್ಲಿ ‘ಬೀನ್ ಅನಿಮಲ್’ ಎಂಬ ಹೆಸರಿನದು ನನಗೆ ಎಲ್ಲಕ್ಕಿಂತ ಭರವಸೆಯದಾಗಿ ಕಾಣುತ್ತದೆ. ಅದರಲ್ಲಿ ಮೂರು ಪೈಪುಗಳು. ಮೊದಲನೆಯದು ಪೂರ್ತಿ ಸೈಫನ್, ಅದಕ್ಕೊಂದು ಗೇಟ್ ವಾಲ್ವ್. ಎರಡನೆಯದಕ್ಕೆ ಗಾಳಿ ಸೇರುವ ದಾರಿಯಿದೆ. ಮೊದಲನೆಯದು ಬಿಟ್ಟ ತುಸು ನೀರನ್ನು ಅದು ಸುಮ್ಮನೆ ಇಳಿಸಿಕೊಳ್ಳುತ್ತದೆ. ಮೂರನೆಯದರ ಬಾಯಿ ಇನ್ನೂ ಎತ್ತರದಲ್ಲಿ, ಸದಾ ಒಣಗಿಕೊಂಡಿರುತ್ತದೆ. ಬಸವನಹುಳು ಹೊಕ್ಕು ಮೊದಲ ಪೈಪು ಕಟ್ಟಿಕೊಂಡ ದಿನ ಮನೆಯ ನೆಲ ಉಳಿಸುವುದು ಆ ಒಣ ಪೈಪು. ಅದನ್ನು ವ್ಯರ್ಥವೆಂದು ಬಿಟ್ಟುಬಿಡುವವರಿದ್ದಾರೆ. ನಾನಾದರೆ ಕೊನೆಗೂ ಬಿಡಲಾರದ ಪೈಪು ಅದೇ.

ಸಾಮಾನುಗಳ ಬಗ್ಗೆ ಹೊಸದಾಗಿ ಹೇಳಬೇಕಾದ್ದು ಕಡಿಮೆ. ಬೋರ್‌ವೆಲ್ ಇರುವ ಪ್ರತಿ ರೈತನಿಗೂ ಪಿವಿಸಿ ಪೈಪು, ಎಲ್ಬೋ, ಯೂನಿಯನ್, ಸೊಲ್ಯೂಷನ್ ಗೊತ್ತೇ ಇವೆ. ಆದರೆ ಅಂಗಡಿಯವರು ಗಟ್ಟಿಮುಟ್ಟೆಂದು ಕೊಡುವ ಹಿತ್ತಾಳೆಯ ವಾಲ್ವ್ ಬೇಡ. ಹಿತ್ತಾಳೆಯಲ್ಲಿ ತಾಮ್ರವಿದೆ. ಉಪ್ಪುನೀರು ಅದನ್ನು ಮೆಲ್ಲಗೆ ಕರಗಿಸುತ್ತದೆ, ಕರಗಿದ ತಾಮ್ರ ಬಹಳ ಕಡಿಮೆ ಪ್ರಮಾಣದಲ್ಲೂ ಸಿಗಡಿ, ಹವಳದಂಥ ಜೀವಿಗಳಿಗೆ ವಿಷ.

ಈಗ ಕರೆಂಟ್ ಹೋಯಿತೆನ್ನಿ. ಪಂಪು ನಿಂತಿತು. ಕೋಡಿಯ ಮೇಲಿದ್ದ 8 ಮಿಲಿಮೀಟರ್ ನೀರು ಇಳಿದು ನಿಲ್ಲುತ್ತದೆ, ಅದು ದೊಡ್ಡದಲ್ಲ. ಅಪಾಯ ಇರುವುದು ನೀರನ್ನು ಮೇಲಕ್ಕೆ ತರುತ್ತಿದ್ದ ಪೈಪಿನಲ್ಲಿ. ಅದರ ಬಾಯಿ ತೊಟ್ಟಿಯ ನೀರಿನೊಳಗೆ ಮುಳುಗಿದೆ, ಇನ್ನೊಂದು ತುದಿ ಕೆಳಗೆ ಸಂಪಿನಲ್ಲಿದೆ. ಪಂಪು ನಿಂತ ಗಳಿಗೆಗೆ ಅದೇ ಪೈಪು ತಿರುಗುಮುರುಗಾಗಿ ಸೈಫನ್ ಆಗುತ್ತದೆ. ಪೈಪಿನ ಬಾಯಿ ನೀರಿನಿಂದ ಹೊರಬಂದು ಗಾಳಿ ಎಳೆದುಕೊಳ್ಳುವವರೆಗೆ ತೊಟ್ಟಿಯ ನೀರು ಕೆಳಗಿಳಿಯುತ್ತಲೇ ಇರುತ್ತದೆ.

120 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ನೀರೆಂದರೆ 5.4 ಲೀಟರ್. ಪೈಪಿನ ಬಾಯಿ 5 ಸೆಂಟಿಮೀಟರ್ ಆಳದಲ್ಲಿದ್ದರೆ 27 ಲೀಟರ್ ಇಳಿಯುತ್ತದೆ. 15 ಸೆಂಟಿಮೀಟರ್ ಆಳದಲ್ಲಿದ್ದರೆ 81 ಲೀಟರ್. ಇದರ ಮೇಲೆ ಪೈಪು ಮತ್ತು ಪೆಟ್ಟಿಗೆಯಲ್ಲಿದ್ದದ್ದು ಎಂಟು ಲೀಟರ್ ಎಂದು ಸೇರಿಸಿ. ಸಂಪು 75 ಸೆಂಟಿಮೀಟರ್ ಉದ್ದ, 40 ಅಗಲ, 40 ಎತ್ತರ. ಅದರಲ್ಲಿ 22 ಸೆಂಟಿಮೀಟರ್ ನೀರು ನಿಂತಿದೆ ಎಂದರೆ ಉಳಿದ ಜಾಗ 54 ಲೀಟರಿನದು. ಮೊದಲನೆಯದರಲ್ಲಿ 35 ಲೀಟರ್ ಇಳಿದು ಸಂಪಿನಲ್ಲೇ ಹಿಡಿಸುತ್ತದೆ. ಎರಡನೆಯದರಲ್ಲಿ 89 ಲೀಟರ್ ಬಂದು, 35 ಲೀಟರ್ ಉಪ್ಪುನೀರು ನೆಲಕ್ಕೆ ಹರಿಯುತ್ತದೆ. ಪೈಪಿನ ಬಾಯಿ ಹತ್ತು ಸೆಂಟಿಮೀಟರ್ ಮೇಲಿತ್ತೋ ಕೆಳಗಿತ್ತೋ ಎಂಬುದಷ್ಟೇ ವ್ಯತ್ಯಾಸ.

ನೀರು ಹಿಂದಕ್ಕೆ ಬರದಂತೆ ಚೆಕ್ ವಾಲ್ವ್ ಹಾಕಿದರಾಯಿತಲ್ಲ ಎನ್ನಬಹುದು. ಕಡಲ ನೀರಿನಲ್ಲಿ ಅದನ್ನು ನಂಬಲಾಗದು. ಕೆಲವು ತಿಂಗಳ ಮೇಲೆ ವಾಲ್ವನ್ನು ಬಿಚ್ಚಿ ನೋಡಿದರೆ ಅದರ ಮುಚ್ಚಳದ ಅಂಚಿನಲ್ಲಿ ಸುಣ್ಣದ ಬಿಳಿ ಕೊಳವೆಗಳು ಸುರುಳಿ ಸುತ್ತಿಕೊಂಡು ಅಂಟಿರುವುದು ಕಾಣಬಹುದು. ಅವು ಕೊಳವೆ ಹುಳುಗಳ ಮನೆಗಳು. ಸಾಸಿವೆ ಕಾಳಿನಷ್ಟು ದಪ್ಪದ ಒಂದು ಸುರುಳಿ ಸಾಕು, ಮುಚ್ಚಳ ಪೂರ್ತಿ ಕೂರುವುದಿಲ್ಲ, ನೀರು ಸಂದಿನಿಂದ ಜಿನುಗುತ್ತಲೇ ಹೋಗುತ್ತದೆ. ಪೈಪಿಗೆ ನೀರಿನ ಮಟ್ಟದ ತುಸು ಕೆಳಗೆ ತೂತು ಕೊರೆದು ಗಾಳಿ ಒಳಸೇರುವಂತೆ ಮಾಡುವವರೂ ಇದ್ದಾರೆ. ಒಳ್ಳೆಯ ಉಪಾಯ, ಪಾಚಿಯೋ ಉಪ್ಪಿನ ಹೆಪ್ಪೋ ಆ ತೂತನ್ನು ಮುಚ್ಚದಂತೆ ಆಗಾಗ ಉಜ್ಜುತ್ತಿರಬೇಕು, ಅಷ್ಟೆ. ಬಾಯಿಯನ್ನೇ ಮೇಲ್ಮೈಗೆ ಹತ್ತಿರ ಇಡುವುದಕ್ಕೆ ಮಾತ್ರ ಯಾವ ಆರೈಕೆಯೂ ಬೇಡ.

ಕರೆಂಟ್ ಮರಳಿ ಬಂದಾಗಲೂ ಒಂದು ಪರೀಕ್ಷೆಯಿದೆ. ಸೈಫನ್ ಪೈಪಿನಲ್ಲಿ ಈಗ ಗಾಳಿ ತುಂಬಿದೆ. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಅದು ತಾನಾಗಿ ಹೊರಹೋಗಿ ಸೈಫನ್ ಮತ್ತೆ ಹಿಡಿಯಬೇಕು. ಪೈಪಿನ ಕೆಳತುದಿ ಸಂಪಿನ ನೀರಿನಲ್ಲಿ ಎರಡು-ಮೂರು ಸೆಂಟಿಮೀಟರಿಗಿಂತ ಹೆಚ್ಚು ಮುಳುಗಿದ್ದರೆ ಗಾಳಿಗೆ ಹೊರಬರಲು ಕಷ್ಟ. ಇದೊಂದನ್ನು ಕಡೆಗಣಿಸಿ, ವಾಲ್ವನ್ನು ಎಷ್ಟು ತಿರುಗಿಸಿದರೂ ಸದ್ದು ಅಡಗುವುದಿಲ್ಲವೆಂದು ಒದ್ದಾಡುವವರು ಬಹಳ.

ಇನ್ನು ಬೇಸಿಗೆ. ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಮೇಲಿನ ತೊಟ್ಟಿಯ ಮಟ್ಟವನ್ನು ಕೋಡಿ ಹಿಡಿದಿರುವುದರಿಂದ ಕಡಿಮೆಯಾದದ್ದು ಕಾಣುವುದು ಸಂಪಿನ ಕೊನೆಯ, ಪಂಪಿರುವ ಕೋಣೆಯಲ್ಲಿ ಮಾತ್ರ. ಒಟ್ಟು 360 ಲೀಟರ್ ನೀರಿನಲ್ಲಿ ಲೀಟರಿಗೆ 35 ಗ್ರಾಂನಂತೆ 12.6 ಕಿಲೋ ಉಪ್ಪಿರುತ್ತದೆ. ದಿನಕ್ಕೆ ಮೂರು ಲೀಟರ್ ಆರಿತೆಂದು ಅಷ್ಟೇ ಉಪ್ಪುನೀರು ಸುರಿಯುತ್ತ ಹೋದರೆ 30 ದಿನಕ್ಕೆ ಅದು ಲೀಟರಿಗೆ 44 ಗ್ರಾಂ ಹತ್ತಿರ ಬರುತ್ತದೆ, ಜೀವಗಳು ತಾಳಲಾರವು. ಸುರಿಯಬೇಕಾದ್ದು ಉಪ್ಪಿಲ್ಲದ, ಆರ್‌ಓ ಮಾಡಿದ ನೀರು. ಬೋರ್‌ವೆಲ್ಲಿನ ಗಡಸು ನೀರನ್ನು ಹಾಗೇ ಹಾಕಿದರೆ ಅದರ ಲವಣಗಳೂ ದಿನದಿನ ಕೂಡುತ್ತವೆ. ಆರುವಿಕೆಯಿಂದ ಉಪಕಾರವೂ ಉಂಟು: ಒಂದು ಲೀಟರ್ ನೀರು ಆವಿಯಾಗುವಾಗ ಒಯ್ಯುವ ಶಾಖ ನೂರು ಲೀಟರನ್ನು ಸುಮಾರು 6 ಡಿಗ್ರಿ ತಣಿಸುವಷ್ಟಿದೆ. ಸಂಪಿನ ಮೇಲೆ ಚಿಕ್ಕ ಫ್ಯಾನ್ ತಿರುಗಿಸುವುದು ಅದಕ್ಕೇ.

ಕರೆಂಟ್ ಬಹಳ ಹೊತ್ತು ಬರದಿದ್ದರೆ ಮೀನಿಗೆ ಮೊದಲು ಕೊರತೆಯಾಗುವುದು ಆಮ್ಲಜನಕ. ಮನೆಯ ಇನ್ವರ್ಟರಿಗೆ ದೊಡ್ಡ ಪಂಪಿನ ಬದಲು, ತೊಟ್ಟಿಯೊಳಗೆ ನೀರು ಕಲಕುವ ಪುಟ್ಟ ಪಂಪನ್ನು ಸಿಕ್ಕಿಸಿದರೆ ಸಾಕು.

ಇಷ್ಟೆಲ್ಲ ಲೆಕ್ಕ ಮಾಡಿದ ಮೇಲೂ ಮೀನು ತರುವ ಮೊದಲು ಒಮ್ಮೆ ಬರೀ ಸಿಹಿನೀರು ತುಂಬಿ ವ್ಯವಸ್ಥೆಯನ್ನು ಓಡಿಸಿ ನೋಡಬೇಕು. ಪಂಪಿನ ಪ್ಲಗ್ಗು ಕೀಳಿ, ಸಂಪಿನಲ್ಲಿ ನೀರು ಏರಿ ನಿಲ್ಲುವವರೆಗೆ ಕಾಯಿರಿ. ಗಾಜಿನ ಅಂಚಿಗೆ ಮೂರು-ನಾಲ್ಕು ಬೆರಳು ಬಾಕಿ ಉಳಿಯದಿದ್ದರೆ ಸಂಪಿನಿಂದ ಅಷ್ಟು ನೀರು ತೆಗೆದು ಮತ್ತೆ ಓಡಿಸಿ, ಮತ್ತೆ ಪ್ಲಗ್ಗು ಕೀಳಿ. ಸರಿಬಂದ ಮೇಲೆ ಪಂಪು ಓಡುತ್ತಿರುವಾಗ ಕೊನೆಯ ಕೋಣೆಯಲ್ಲಿ ನೀರು ಎಲ್ಲಿದೆಯೋ ಅಲ್ಲಿ ಗಾಜಿನ ಹೊರಗೆ ಮಾರ್ಕರಿನಿಂದ ಗೆರೆ ಎಳೆಯಿರಿ. ಮುಂದೆ ಆರಿದ ನೀರು ತುಂಬುವವರು ಮನೆಯವರಲ್ಲಿ ಯಾರೇ ಆಗಲಿ, ಆ ಗೆರೆಗೆ ನಿಲ್ಲಿಸಬೇಕು.