ಮೊಣಕಾಲಿಗೆ ಜಾಗವಾಯಿತು, ಕಣ್ಣಿಗೆ?

ನಮ್ಮಲ್ಲಿ ದುಬಾರಿ ಸೆಡಾನ್ ಕೊಂಡವರಲ್ಲಿ ಅನೇಕರು ಅದನ್ನು ತಾವೇ ಓಡಿಸುವುದಿಲ್ಲ. ಸ್ಟಿಯರಿಂಗ್ ಚಾಲಕನ ಕೈಯಲ್ಲಿರುತ್ತದೆ. ಮಾಲೀಕರ ಜಾಗ ಹಿಂದಿನ ಸೀಟಿನ ಎಡಬದಿ. ಮುಂದಿನ ಎಡ ಸೀಟು ಖಾಲಿಯಿದ್ದರೆ ಅದನ್ನು ಪೂರ್ತಿ ಮುಂದಕ್ಕೆ ಸರಿಸಿ ಕಾಲು ಚಾಚಬಹುದು, ಇಳಿಯುವಾಗ ಫುಟ್‌ಪಾತ್ ಕಡೆಯ ಬಾಗಿಲೇ ಸಿಗುತ್ತದೆ. ಹಿಂದೆ ಕುಳಿತಲ್ಲಿಂದಲೇ ಮುಂದಿನ ಸೀಟನ್ನು ಸರಿಸುವ ಸ್ವಿಚ್ಚಿಗೆ ‘ಬಾಸ್ ಬಟನ್’ ಎಂಬ ಹೆಸರೇ ಬಿದ್ದಿದೆ. ಆದರೂ ಕಾರಿನ ವಿಮರ್ಶೆಗಳಲ್ಲಿ ಎಂಜಿನ್ನಿನ ಶಕ್ತಿ, ವೇಗ, ಮೈಲೇಜುಗಳದೇ ಮಾತು. ಹಿಂದಿನ ಸೀಟಿಗೆ ‘ಲೆಗ್‌ರೂಮ್ ಚೆನ್ನಾಗಿದೆ’ ಎಂಬ ಒಂದು ಸಾಲು ಸಿಕ್ಕರೆ ಹೆಚ್ಚು. ಹಿಂದಿನ ಕಿಟಕಿಗೆ ಅಷ್ಟೂ ಸಿಗುವುದಿಲ್ಲ.

ಹಿಂದೆ ಕೂತವರ ಸುಖ ಮೊಣಕಾಲಿನ ಮುಂದಿರುವ ಜಾಗದಷ್ಟೇ ಪಕ್ಕದಲ್ಲಿರುವ ಗಾಜಿನಿಂದಲೂ ನಿರ್ಧಾರವಾಗುತ್ತದೆ. ಕಳೆದ ಕೆಲವು ದಶಕಗಳಲ್ಲಿ ಮೊದಲನೆಯದು ಹಿಗ್ಗುತ್ತ ಬಂದಿದೆ, ಎರಡನೆಯದು ಕುಗ್ಗುತ್ತ ಬಂದಿದೆ. ಹೀಗಾಗಲು ಕಾರಣಗಳೇನು ಎಂಬುದನ್ನು ಕಾರು ಕೊಳ್ಳುವವರು ತಿಳಿದಿರಬೇಕು.

ಉದ್ದವಾಗುತ್ತಿರುವ ಕಾರುಗಳು

ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರವೇ ವೀಲ್‌ಬೇಸ್. ಹಿಂದಿನ ಸೀಟಿಗೆ ಜಾಗ ಬೇಕೆಂದಾಗ ಕಂಪನಿಗಳು ಮೊದಲು ಕೈಹಾಕುವುದು ಇದಕ್ಕೇ. ಚಾಲಕನನ್ನು ಇಟ್ಟುಕೊಳ್ಳುವ ರೂಢಿಯಿದ್ದ ಚೀನಾದಲ್ಲಿ ಆಡಿ ಎ6 ಕಾರಿನ ಉದ್ದನೆಯ ಮಾದರಿ ಈ ಶತಮಾನದ ಆರಂಭದ ಹೊತ್ತಿಗೇ ಬಂದಿತ್ತು. ಭಾರತದಲ್ಲಿ ಈ ವರ್ಗದ ಕಾರುಗಳಿಗೆ ಈ ದಾರಿ ತೆರೆದದ್ದು 2017ರಲ್ಲಿ, ಮರ್ಸಿಡೀಸ್ ಬೆಂಜ್ ಇ-ಕ್ಲಾಸ್‌ನ ಉದ್ದ ವೀಲ್‌ಬೇಸ್ ಮಾದರಿಯಿಂದ. ಬಲಬದಿಗೆ ಸ್ಟಿಯರಿಂಗ್ ಇರುವ ದೇಶಗಳಲ್ಲಿ ಆ ಮಾದರಿ ಮೊದಲು ಬಂದದ್ದು ನಮ್ಮಲ್ಲಿಗೇ. ಯುರೋಪಿನ ಇ-ಕ್ಲಾಸ್‌ನ ವೀಲ್‌ಬೇಸ್ 2939 ಮಿ.ಮೀ. ಇದ್ದರೆ ನಮ್ಮದು 3079 ಮಿ.ಮೀ. 2024ರಲ್ಲಿ ಬಂದ ಮುಂದಿನ ಪೀಳಿಗೆಯಲ್ಲಿ ಅದು 3094ಕ್ಕೆ ಏರಿತು. ಅದೇ ವರ್ಷ ಬಿಎಂಡಬ್ಲ್ಯು ತನ್ನ 5 ಸೀರೀಸ್‌ನ ಉದ್ದನೆಯ ಮಾದರಿಯನ್ನು 3105 ಮಿ.ಮೀ. ವೀಲ್‌ಬೇಸ್‌ನೊಂದಿಗೆ ಇಲ್ಲಿ ಬಿಡುಗಡೆ ಮಾಡಿತು; ಸಾಮಾನ್ಯ ಮಾದರಿಗಿಂತ ಇದು 110 ಮಿ.ಮೀ. ಹೆಚ್ಚು.

ಈ ಹೆಚ್ಚುವರಿ ಉದ್ದವೆಲ್ಲ ಸೇರುವುದು ಹಿಂಬದಿಗೇ. ಮುಂದಿನ ಬಾಗಿಲು ಮೊದಲಿನಷ್ಟೇ ಇರುತ್ತದೆ, ಹಿಂದಿನ ಬಾಗಿಲು ಉದ್ದವಾಗುತ್ತದೆ. ಹತ್ತುವಾಗ ಕಾಲಿಡಲು ಅಗಲವಾದ ಜಾಗ ಸಿಗುವುದು ಸೀರೆ ಉಟ್ಟವರಿಗೆ, ಮಂಡಿನೋವಿನ ಹಿರಿಯರಿಗೆ ದೊಡ್ಡ ಅನುಕೂಲ. ಆದರೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಎರಡು ಕಂಬಗಳ ನಡುವೆ ನಿಲ್ಲಿಸಿದಾಗ ಅದೇ ಉದ್ದದ ಬಾಗಿಲನ್ನು ಅರ್ಧಕ್ಕಿಂತ ಹೆಚ್ಚು ತೆರೆಯಲಾಗದೆ ಮೈ ಹಿಂಡಿಕೊಂಡು ಇಳಿಯಬೇಕಾದೀತು.

ವೀಲ್‌ಬೇಸ್ ಒಂದನ್ನೇ ನೋಡಿ ಜಾಗವನ್ನು ಅಳೆಯಲಾಗದು ಎಂಬುದಕ್ಕೆ ನಮ್ಮ ಅಂಬಾಸಡರ್ ಸಾಕ್ಷಿ. ಅದರ ವೀಲ್‌ಬೇಸ್ ಕೇವಲ 2464 ಮಿ.ಮೀ. ಆದರೂ ಹಿಂದೆ ಮೂವರು ಹಾಯಾಗಿ ಕೂರುತ್ತಿದ್ದರು. ಸೀಟು ಎತ್ತರವಾಗಿತ್ತು, ಬೆನ್ನು ನೆಟ್ಟಗಿರುತ್ತಿತ್ತು, ತಲೆಯ ಮೇಲೆ ಚಾವಣಿ ದೂರವಿತ್ತು. ಎತ್ತರದ ಸೀಟಿನಲ್ಲಿ ಕುಳಿತವರ ಕಾಲು ಕೆಳಕ್ಕೆ ಇಳಿಯುತ್ತದೆ. ತಗ್ಗಿನ ಸೀಟಿನಲ್ಲಿ ಕುಳಿತವರ ಕಾಲು ಮುಂದಕ್ಕೆ ಚಾಚುತ್ತದೆ, ಹೆಚ್ಚು ಉದ್ದ ಬೇಡುತ್ತದೆ. ಇಂದಿನ ಸೆಡಾನ್‌ಗಳು ತಗ್ಗಾಗಿರುವುದರಿಂದಲೇ ಉದ್ದವೂ ಆಗಬೇಕಾಗಿದೆ.

ಎಂಜಿನ್ ಕೂರಿಸುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಇ-ಕ್ಲಾಸ್, 5 ಸೀರೀಸ್‌ನಂಥ ಜರ್ಮನ್ ಸೆಡಾನ್‌ಗಳಲ್ಲಿ ಎಂಜಿನ್ ಉದ್ದುದ್ದ ಕೂತು ಹಿಂದಿನ ಗಾಲಿಗಳನ್ನು ತಿರುಗಿಸುತ್ತದೆ. ಅದಕ್ಕಾಗಿ ನೆಲದ ನಡುವೆ ಉಬ್ಬು ಏಳುತ್ತದೆ, ನಡುವೆ ಕೂತವರು ಕಾಲನ್ನು ಅದರ ಎರಡೂ ಬದಿಗೆ ಇಡಬೇಕಾಗುತ್ತದೆ. ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ 2020ರಲ್ಲಿ ಜೋಡಣೆ ಶುರುವಾದ ಲೆಕ್ಸಸ್ ಇಎಸ್ 300ಎಚ್ ಕಾರಿನಲ್ಲಿ ಎಂಜಿನ್ ಅಡ್ಡಲಾಗಿ ಕೂತು ಮುಂದಿನ ಗಾಲಿಗಳನ್ನು ತಿರುಗಿಸುತ್ತದೆ. ಹಾಗಾಗಿಯೇ 2870 ಮಿ.ಮೀ. ವೀಲ್‌ಬೇಸ್‌ನಲ್ಲೇ ಅದು ಹಿಂದೆ ಧಾರಾಳವಾಗಿ ಜಾಗ ಕೊಡುತ್ತದೆ. ಸ್ಕೋಡಾ ಸುಪರ್ಬ್ ಹಿಂದಿನ ಸೀಟಿಗೆ ಹೆಸರಾದದ್ದರ ಹಿಂದೆಯೂ ಇದೇ ಜೋಡಣೆಯಿದೆ. ವಿದ್ಯುತ್ ಕಾರುಗಳಲ್ಲಿ ಉಬ್ಬು ಮಾಯವಾಗಿದೆ. ಆದರೆ ನೆಲದಡಿಯ ಬ್ಯಾಟರಿಯಿಂದ ನೆಲವೇ ಮೇಲೆ ಬಂದು, ಹಲವು ಮಾದರಿಗಳಲ್ಲಿ ಮೊಣಕಾಲು ಎತ್ತರಕ್ಕೇರಿ ತೊಡೆಗೆ ಆಧಾರ ತಪ್ಪುತ್ತದೆ.

ಗಾಜು ಪೂರ್ತಿ ಇಳಿಯದೇಕೆ?

ಎಷ್ಟೋ ಕಾರುಗಳಲ್ಲಿ ಹಿಂದಿನ ಗಾಜು ಅರ್ಧಕ್ಕೋ ಮುಕ್ಕಾಲಿಗೋ ನಿಂತುಬಿಡುತ್ತದೆ. ಮಕ್ಕಳು ತಲೆ ಹೊರಹಾಕದಿರಲಿ ಎಂದೇ ಹೀಗೆ ಮಾಡಿದ್ದಾರೆ ಎನ್ನುವವರಿದ್ದಾರೆ. ಮುಖ್ಯ ಕಾರಣ ಬಾಗಿಲಿನ ಆಕಾರದಲ್ಲೇ ಇದೆ. ಹಿಂದಿನ ಬಾಗಿಲಿನ ಕೆಳಮೂಲೆಯನ್ನು ಗಾಲಿಯ ಕಮಾನು ಕತ್ತರಿಸುತ್ತದೆ. ಗಾಜು ಮಡಚುವ ವಸ್ತುವಲ್ಲ, ಇಡಿಯಾಗಿಯೇ ಬಾಗಿಲೊಳಗೆ ಇಳಿಯಬೇಕು. ಅಗಲವಾದ ಗಾಜು ಇಳಿಯುತ್ತ ಹೋದರೆ ಅದರ ಹಿಂದಿನ ಮೂಲೆ ಕಮಾನಿಗೆ ತಾಗುತ್ತದೆ.

ವಿನ್ಯಾಸಕಾರರು ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಗಾಜನ್ನು ಎರಡಾಗಿ ಒಡೆಯುವುದು. ನಡುವೆ ಒಂದು ನಿಲುವು ಪಟ್ಟಿ ಇಟ್ಟು, ಮುಂದಿನ ದೊಡ್ಡ ಭಾಗವನ್ನು ಮಾತ್ರ ಏರಿಳಿಸುತ್ತಾರೆ. ಹಿಂದಿನ ಸಣ್ಣ ತ್ರಿಕೋನದ ಗಾಜು ಸ್ಥಿರವಾಗಿ ಕೂರುತ್ತದೆ. ಇದಕ್ಕೇ ಕ್ವಾರ್ಟರ್ ಗ್ಲಾಸ್ ಎನ್ನುವುದು. ವೀಲ್‌ಬೇಸ್ ಉದ್ದವಾದಾಗ ಬಾಗಿಲಿನ ಹೆಚ್ಚಿನ ಭಾಗ ಕಮಾನಿನಿಂದ ಮುಂದೆ ಬರುವುದರಿಂದ ಇಳಿಯುವ ಗಾಜೂ ದೊಡ್ಡದಾಗಬಹುದು. ಹೀಗೆ ಕಾಲಿನ ಜಾಗಕ್ಕೂ ಕಿಟಕಿಗೂ ನೇರ ನಂಟಿದೆ.

ಗಾಜನ್ನು ಸದ್ದಿಲ್ಲದೆ ಇಳಿಸುವುದೂ ಒಂದು ಕಾಲಕ್ಕೆ ದೊಡ್ಡ ಸವಾಲಾಗಿತ್ತು. 1963ರಲ್ಲಿ ಬಂದ ಮರ್ಸಿಡೀಸ್ ಬೆಂಜ್ 600 ಕಾರಿನಲ್ಲಿ ಕಿಟಕಿ, ಸೀಟು, ಡಿಕ್ಕಿಯ ಮುಚ್ಚಳಗಳೆಲ್ಲ ಹೈಡ್ರಾಲಿಕ್ ಒತ್ತಡದಿಂದಲೇ ಚಲಿಸುತ್ತಿದ್ದವು. ಆಗಿನ ವಿದ್ಯುತ್ ಮೋಟರುಗಳು ಸದ್ದು ಮಾಡುತ್ತವೆಂದು ಎಂಜಿನಿಯರುಗಳು ಅವನ್ನು ಬಿಟ್ಟು, ಎಣ್ಣೆಯ ಒತ್ತಡವನ್ನು ಆರಿಸಿಕೊಂಡರು. 1981ರವರೆಗೆ ತಯಾರಾದದ್ದು 2,677 ಕಾರುಗಳು ಮಾತ್ರ. ಹಿಂದಿನ ಕಿಟಕಿಯ ಸದ್ದನ್ನೂ ಕಡೆಗಣಿಸಬಾರದು ಎಂಬ ಆ ಶ್ರದ್ಧೆ ಇಂದಿಗೂ ಮೆಚ್ಚುವಂಥದ್ದು.

ಕಿಟಕಿ ಕುಗ್ಗಿದ ಬಗೆ

ಪಕ್ಕದಿಂದ ನೋಡಿದಾಗ ಕಾರಿನ ಅಂದವನ್ನು ತೀರ್ಮಾನಿಸುವುದು ಹಿಂದಿನ ಕಿಟಕಿ ಮುಗಿಯುವ ರೀತಿ. 1961ರಲ್ಲಿ ಬಂದ ಬಿಎಂಡಬ್ಲ್ಯು 1500 ಕಾರಿನಲ್ಲಿ ಹಿಂದಿನ ಕಂಬದ ಬುಡ ಮುಂದಕ್ಕೆ ಬಾಗಿತ್ತು. ಅಂದಿನ ವಿನ್ಯಾಸ ಮುಖ್ಯಸ್ಥ ವಿಲ್ಹೆಲ್ಮ್ ಹಾಫ್‌ಮೈಸ್ಟರ್ ಹೆಸರಿನಲ್ಲೇ ಪ್ರಸಿದ್ಧವಾದ ಆ ತಿರುವು ಇಂದಿಗೂ ಆ ಕಂಪನಿಯ ಗುರುತು. 1982ರ ಆಡಿ 100 ಬೇರೆ ದಾರಿ ಹಿಡಿಯಿತು. ಬಾಗಿಲಿನ ಹೊರಮೈಗೆ ಸಮನಾಗಿ ಗಾಜು ಕೂರಿಸಿ, ಹಿಂದಿನ ಕಂಬದಲ್ಲೂ ಕಿಟಕಿ ಇಟ್ಟು, ಗಾಳಿಯ ತಡೆಯ ಗುಣಾಂಕವನ್ನು 0.30ಕ್ಕೆ ಇಳಿಸಿತು. ಒಳಗೆ ಬೆಳಕು ತುಂಬಿತು. ಬೇಸಿಗೆಯಲ್ಲಿ ಬಿಸಿಲೂ ತುಂಬಿತು.

2004ರ ಮರ್ಸಿಡೀಸ್ ಸಿಎಲ್‌ಎಸ್ ಸೆಡಾನ್‌ಗೆ ಕೂಪೆಯ ಇಳಿಜಾರು ಚಾವಣಿ ಕೊಟ್ಟಿತು. ಅದರ ಚೆಲುವಿಗೆ ಮಾರುಹೋದ ಉಳಿದ ಕಂಪನಿಗಳೂ ಅದೇ ಹಾದಿ ಹಿಡಿದವು. ಚಾವಣಿ ಹಿಂದಕ್ಕೆ ಇಳಿದಂತೆ ಹಿಂದೆ ಕೂತವರ ತಲೆ ತಗುಲಿತು, ಕಿಟಕಿ ಚೂಪಾಯಿತು. ಇನ್ನೊಂದೆಡೆ ಪಕ್ಕದಿಂದ ಬರುವ ಡಿಕ್ಕಿಯನ್ನು ತಡೆಯಲು ಬಾಗಿಲು ದಪ್ಪವಾಯಿತು, ದೊಡ್ಡ ಗಾಲಿಗಳಿಗೆ ಹೊಂದುವಂತೆ ಕಿಟಕಿಯ ಕೆಳಅಂಚು ಮೇಲೇರಿತು. ಚಾವಣಿ ಮೇಲಿನಿಂದ, ಬಾಗಿಲು ಕೆಳಗಿನಿಂದ ಒತ್ತಿದ್ದರಿಂದ ಗಾಜು ನಡುವೆ ಸಿಕ್ಕಿಕೊಂಡಿತು. ಮಗುವೊಂದು ಹಿಂದೆ ಕುಳಿತರೆ ಹೊರಗಿನ ರಸ್ತೆಯ ಬದಲು ಬಾಗಿಲಿನ ಪ್ಲಾಸ್ಟಿಕ್ಕನ್ನೇ ನೋಡಬೇಕಾದ ಕಾರುಗಳು ಇಂದು ಬೇಕಾದಷ್ಟಿವೆ.

ಇದು ಬರೀ ನೋಟದ ಪ್ರಶ್ನೆಯಲ್ಲ. ಆಗುಂಬೆ, ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ಹಿಂದಿನ ಸೀಟಿನವರಿಗೆ ಹೊಟ್ಟೆ ತೊಳಸುವುದು ನಮಗೆಲ್ಲ ಗೊತ್ತು. ತಿರುವಿನ ಓಲಾಟವನ್ನು ಕಿವಿಯೊಳಗಿನ ಸಮತೋಲನದ ಅಂಗ ಗುರುತಿಸುತ್ತದೆ. ಕಣ್ಣು ಮಾತ್ರ ಅಲುಗಾಡದ ಸೀಟನ್ನೇ ಕಾಣುತ್ತಿರುತ್ತದೆ. ಈ ಎರಡರ ಜಗಳವೇ ವಾಂತಿಗೆ ಕಾರಣ. ದೂರದ ಗುಡ್ಡವನ್ನೋ ಮುಂದಿನ ರಸ್ತೆಯನ್ನೋ ನೋಡುತ್ತಿದ್ದರೆ ತೊಂದರೆ ಕಡಿಮೆಯಾಗುತ್ತದೆ. ಅದಕ್ಕೆ ಕಿಟಕಿ ದೊಡ್ಡದಿರಬೇಕು. 2022ರ ಬಿಎಂಡಬ್ಲ್ಯು 7 ಸೀರೀಸ್‌ನಲ್ಲಿ ಚಾವಣಿಯಿಂದ 31.3 ಇಂಚಿನ ಪರದೆ ಇಳಿಯುತ್ತದೆ, ಸಿನಿಮಾಕ್ಕಾಗಿ ಕಿಟಕಿಗಳ ಮರೆಗಳೂ ಮುಚ್ಚಿಕೊಳ್ಳುತ್ತವೆ. ಸಪಾಟು ಹೆದ್ದಾರಿಯಲ್ಲಿ ಅದು ಸೊಗಸು. ಘಾಟಿಯಲ್ಲಿ ಅದನ್ನು ಮಡಚಿಡುವುದೇ ಲೇಸು.

ಮರೆಯೋ, ಬೆಳಕೋ?

ಅತಿ ದುಬಾರಿ ಕಾರುಗಳಲ್ಲಿ ಕಿಟಕಿ ಸಣ್ಣದಾಗುವುದು ಬೇಕೆಂದೇ. ರೋಲ್ಸ್ ರಾಯ್ಸ್ ಫ್ಯಾಂಟಮ್‌ನಲ್ಲಿ ಹಿಂದಿನ ಕಂಬ ಅಗಲವಾಗಿದ್ದು, ಕೂತವರ ಮುಖ ಅದರ ಮರೆಗೆ ಬರುತ್ತದೆ. 2014ರಲ್ಲಿ ಪ್ರದರ್ಶನಗೊಂಡ ಮರ್ಸಿಡೀಸ್-ಮೇಬಾಕ್ ಎಸ್-ಕ್ಲಾಸ್‌ನ ವೀಲ್‌ಬೇಸ್ ಉದ್ದನೆಯ ಎಸ್-ಕ್ಲಾಸ್‌ಗಿಂತ 200 ಮಿ.ಮೀ. ಹೆಚ್ಚಿತ್ತು, ಹಿಂದಿನ ಬಾಗಿಲು ಮಾತ್ರ 66 ಮಿ.ಮೀ. ಕಡಿಮೆಯಿತ್ತು. ತ್ರಿಕೋನದ ಗಾಜನ್ನು ಬಾಗಿಲಿನಿಂದ ಕಂಬಕ್ಕೆ ಸರಿಸಿದ್ದರು. ಸೀಟು ಬಾಗಿಲಿಗಿಂತ ಹಿಂದೆ ಸರಿದದ್ದರಿಂದ ಹೊರಗಿನವರ ಕಣ್ಣಿಗೆ ಒಳಗಿದ್ದವರು ಬೀಳುವುದಿಲ್ಲ.

ಜಪಾನಿನ ದಾರಿ ಬೇರೆ. ಟೊಯೊಟಾ ಸಂಸ್ಥಾಪಕರ ತಂದೆ ಸಾಕಿಚಿ ಟೊಯೊಡಾ ಹುಟ್ಟಿ ನೂರು ವರ್ಷವಾದ 1967ರಲ್ಲಿ ಬಂದ ಸೆಂಚುರಿ ಕಾರು ತಲೆಗೆ ಸಾಕಷ್ಟು ಎತ್ತರವನ್ನೂ ಉಣ್ಣೆಯ ಸೀಟನ್ನೂ ಜಾಳಿಗೆಯ ಪರದೆಗಳನ್ನೂ ಉಳಿಸಿಕೊಂಡು ಬಂತು. ಕಿಟಕಿ ದೊಡ್ಡದಿರಲಿ, ಮರೆ ಬೇಕಾದವರು ಪರದೆ ಎಳೆದುಕೊಳ್ಳಲಿ ಎಂಬ ಈ ನಿಲುವೇ ಹೆಚ್ಚು ಸರಿ ಎಂದು ನನಗನ್ನಿಸುತ್ತದೆ. ಎಳೆದ ಪರದೆಯನ್ನು ಸರಿಸಬಹುದು, ಉಕ್ಕಿನ ಕಂಬವನ್ನು ಸರಿಸಲಾಗದು.

ನಮ್ಮ ದೇಶದಲ್ಲಿ ಗಾಜಿನ ಪಾರದರ್ಶಕತೆಗೆ ಕಾನೂನಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮುಂದಿನ, ಹಿಂದಿನ ಗಾಜುಗಳಲ್ಲಿ ಕನಿಷ್ಠ ಶೇ 70, ಪಕ್ಕದ ಗಾಜುಗಳಲ್ಲಿ ಕನಿಷ್ಠ ಶೇ 50ರಷ್ಟು ಬೆಳಕು ಹಾದುಹೋಗಬೇಕು. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 27ರಂದು ನಿಷೇಧಿಸಿತು. ಬಿಸಿಲಿಗೆ ಅಂಜುವವರು ಶಾಖವನ್ನು ತಡೆಯುವ ಗಾಜನ್ನು ಕಂಪನಿಯಿಂದಲೇ ಪಡೆಯುವುದು ಒಳ್ಳೆಯದು.

ಗಾಜು ಜೀವ ಉಳಿಸುವ ಹೊತ್ತು

ಒಳಗೆ ನಿಶ್ಶಬ್ದ ಬೇಕೆಂದು ಐಷಾರಾಮಿ ಕಾರುಗಳ ಪಕ್ಕದ ಕಿಟಕಿಗಳಿಗೂ ಈಗ ಲ್ಯಾಮಿನೇಟೆಡ್ ಗಾಜು ಬಂದಿದೆ. ಎರಡು ಹಾಳೆ ಗಾಜಿನ ನಡುವೆ ಪ್ಲಾಸ್ಟಿಕ್ ಪದರವಿರುವ ಇದು ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಸಾಮಾನ್ಯ ಟೆಂಪರ್ಡ್ ಗಾಜಿನಂತೆ ಸುತ್ತಿಗೆಯ ಒಂದೇಟಿಗೆ ಪುಡಿಯಾಗುವುದಿಲ್ಲ; ಕಾರು ನೀರಿನಲ್ಲಿ ಸಿಕ್ಕಾಗ ಗಾಜು ಒಡೆದು ಹೊರಬರುವುದು ಕಷ್ಟ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಮಳೆನೀರು ತುಂಬಿ, ಕಾರಿನಲ್ಲಿದ್ದ ಯುವತಿಯೊಬ್ಬರು ಮೃತಪಟ್ಟ ದುರಂತವನ್ನು ನಾವು ಮರೆಯಬಾರದು. ಯಾವ ಬಾಗಿಲಿಗೆ ಯಾವ ಗಾಜಿದೆ ಎಂಬುದು ಗಾಜಿನ ಮೂಲೆಯ ಮುದ್ರೆಯಲ್ಲೋ ಕಾರಿನ ಕೈಪಿಡಿಯಲ್ಲೋ ಸಿಗುತ್ತದೆ. ಕಾರು ಮನೆಗೆ ಬಂದ ದಿನವೇ ಅದನ್ನು ಓದಿಕೊಳ್ಳಿ. ನೀರು ಏರುವ ಮೊದಲೇ, ಸ್ವಿಚ್ ಕೆಲಸ ಮಾಡುತ್ತಿರುವಾಗಲೇ ಗಾಜು ಇಳಿಸಬೇಕು ಎಂಬುದನ್ನು ಚಾಲಕನಿಗೂ ಹೇಳಿ.

ಜಾಗ ಹೆಚ್ಚಿದ್ದರೆ ಅಪಾಯ ಕಡಿಮೆ ಎಂಬ ಭ್ರಮೆಯೂ ಬೇಡ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಕಾರು ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ, ಅವರೂ ಸೇರಿ ಹಿಂದಿನ ಸೀಟಿನಲ್ಲಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲವೆಂದು ಪೊಲೀಸರು ತಿಳಿಸಿದ್ದರು. ಬೆಲ್ಟ್ ಹಾಕಿದರೂ ಸೀಟನ್ನು ಪೂರ್ತಿ ಒರಗಿಸಿ ಮಲಗಿದರೆ, ಡಿಕ್ಕಿಯಾದಾಗ ದೇಹ ಬೆಲ್ಟಿನಡಿಗೆ ಜಾರುತ್ತದೆ. ಇದನ್ನು ತಡೆಯಲೆಂದೇ ಎಸ್-ಕ್ಲಾಸ್‌ನ ಒರಗುವ ಸೀಟಿನ ಕೆಳಗೆ ಏರ್‌ಬ್ಯಾಗ್ ಇಟ್ಟರು. 2020ರ ಪೀಳಿಗೆಯಲ್ಲಿ ಹಿಂದಿನವರಿಗಾಗಿ ಮುಂದಿನ ಸೀಟಿನ ಬೆನ್ನಿನಿಂದ ತೆರೆದುಕೊಳ್ಳುವ ಏರ್‌ಬ್ಯಾಗನ್ನೂ ಕೊಟ್ಟರು. ಬೆಲ್ಟ್ ಹಾಕದವರನ್ನು ಇವೂ ಕಾಪಾಡಲಾರವು.

ಕೊಳ್ಳುವ ಮೊದಲು

ಹಿಂದೆ ಕೂರುವವರೇ ನೀವಾದರೆ ಟೆಸ್ಟ್ ಡ್ರೈವ್ ಅನ್ನೂ ಹಿಂದೆ ಕುಳಿತೇ ಮಾಡಿ. ಮುಂದಿನ ಸೀಟನ್ನು ನಿಮ್ಮ ಚಾಲಕನ ಎತ್ತರಕ್ಕೆ ಹೊಂದಿಸಿ, ಆಮೇಲೆ ಮೊಣಕಾಲಿನ ಜಾಗ ನೋಡಿ. ಪಾದ ಮುಂದಿನ ಸೀಟಿನಡಿಗೆ ಹೋಗುತ್ತದೆಯೇ, ತೊಡೆ ಸೀಟಿಗೆ ತಾಗಿದೆಯೇ, ಹತ್ತುವಾಗ ತಲೆ ಬಗ್ಗಿಸಬೇಕೇ ಎಂದು ಗಮನಿಸಿ. ಮನೆಯ ಹಿರಿಯರನ್ನೂ ಮಕ್ಕಳನ್ನೂ ಕರೆದೊಯ್ದು ಕೂರಿಸಿ. ಅವರಿಗೆ ಹೊರಗೇನು ಕಾಣುತ್ತದೆ ಎಂದು ಕೇಳಿ. ಗಾಜನ್ನು ಕೊನೆಯವರೆಗೆ ಇಳಿಸಿ, ಎಲ್ಲಿಗೆ ನಿಲ್ಲುತ್ತದೆ ನೋಡಿ.

ಕಾರು ಕಂಪನಿಗಳು ಭಾರತದ ಮಾಲೀಕರ ಮಾತು ಕೇಳಿ ವೀಲ್‌ಬೇಸ್ ಹಿಗ್ಗಿಸಿವೆ. ಕಿಟಕಿಯ ವಿಷಯದಲ್ಲೂ ಅವು ನಮ್ಮ ಮಾತು ಕೇಳಿಯಾವು, ನಾವು ಕೇಳಿದರೆ. ಮುಂದಿನ ಸಲ ಶೋರೂಮಿಗೆ ಹೋದಾಗ ಲೆಗ್‌ರೂಮ್ ಎಷ್ಟೆಂದು ಕೇಳುವ ಜೊತೆಗೇ, ಹಿಂದಿನ ಸೀಟಿನಿಂದ ರಸ್ತೆ ಎಷ್ಟು ಕಾಣುತ್ತದೆ ಎಂದೂ ಕೇಳಿ.