ಸಾಕ್ಷಿಯಿಲ್ಲದ ಮಾತಿಗೆ ಒಂದು ಉಂಗುರ

ನಿಶ್ಚಿತಾರ್ಥಕ್ಕೂ ಮೊದಲೇ ಪ್ರೇಮಿಗಳು ಕೊಟ್ಟು ತೊಡುವ ಪ್ರಾಮಿಸ್ ರಿಂಗ್ ಕಂಡರೆ ಅಮೆರಿಕದಲ್ಲೂ ಮೂಗು ಮುರಿಯುವವರಿದ್ದಾರೆ. ಮದುವೆಯ ದಿನ ಗೊತ್ತಾಗಿರುವುದಿಲ್ಲ, ಮನೆಯವರ ಮಾತುಕತೆ ನಡೆದಿರುವುದಿಲ್ಲ, ಮಂಡಿಯೂರಿ ಕೇಳುವ ಶಾಸ್ತ್ರವೂ ಬೇಕಿಲ್ಲ. ತೆಳುವಾದೊಂದು ಉಂಗುರ, ಬಹಳವೆಂದರೆ ಸಣ್ಣ ಹರಳು. ಎಡಗೈಯ ಉಂಗುರಬೆರಳನ್ನು ಮುಂದಿನದಕ್ಕೆ ಬಿಟ್ಟು ಇದನ್ನು ಹೆಚ್ಚಿನವರು ಬಲಗೈಗೆ ಹಾಕುತ್ತಾರೆ. ಕೆಲವರು ಸರಕ್ಕೆ ಪೋಣಿಸಿಕೊಳ್ಳುತ್ತಾರೆ. ಕೊಟ್ಟ ಮಾತು ಏನೆಂಬುದು ಆ ಇಬ್ಬರಿಗೇ ಗೊತ್ತು. ಇದೆಲ್ಲ ಒಡವೆ ಅಂಗಡಿಯವರು ಹುಟ್ಟುಹಾಕಿದ ಹೊಸ ಖರ್ಚು ಎಂದು ಕೈತೊಳೆದುಕೊಳ್ಳುವುದು ಸುಲಭ. ಚರಿತ್ರೆ ನೋಡಿದರೆ ನನಗೆ ಹಾಗನ್ನಿಸುವುದಿಲ್ಲ. ಕೊಟ್ಟ ಮಾತಿಗೆ ಬೇರೆ ಸಾಕ್ಷಿ, ಬೇರೆ ಜಾಮೀನು ಇಲ್ಲದ ಕಡೆಯಲ್ಲೇ ಉಂಗುರ ಮುಂದೆ ಬಂದಿದೆ.

ಹದಿನಾರನೇ ಶತಮಾನದ ಇಂಗ್ಲೆಂಡಿನಲ್ಲಿ ಮದುವೆ ಊರ್ಜಿತವಾಗಲು ಪಾದ್ರಿಯೇ ಬೇಕೆಂದಿರಲಿಲ್ಲ. ಗಂಡು ಹೆಣ್ಣು ಪರಸ್ಪರ ‘ಈಗಲೇ ಒಪ್ಪಿದ್ದೇನೆ’ ಎಂದರೆ ಅದೇ ಮದುವೆ, ‘ಮುಂದೆ ಆಗುತ್ತೇನೆ’ ಎಂದರೆ ವಾಗ್ದಾನ. ಇಬ್ಬರೇ ಇದ್ದಾಗ ಆಡಿದ ಇಂಥ ಮಾತನ್ನು ಒಬ್ಬರು ಅಲ್ಲಗಳೆದರೆ ವ್ಯಾಜ್ಯ ಚರ್ಚಿನ ನ್ಯಾಯಾಲಯಕ್ಕೆ ಹೋಗುತ್ತಿತ್ತು. ಅಲ್ಲಿ ಕೈಗವಸು, ನಾಣ್ಯಗಳ ಜೊತೆ ಉಂಗುರವನ್ನೂ ಪುರಾವೆಯಾಗಿ ಮುಂದಿಡುತ್ತಿದ್ದರು. ‘ಕೊಟ್ಟದ್ದು ನಿಜ, ಮದುವೆಗೆಂದು ಕೊಟ್ಟದ್ದಲ್ಲ’ ಎಂಬ ಪ್ರತಿವಾದವೂ ಅಷ್ಟೇ ಮಾಮೂಲಿ. ಆ ಕಾಲದ ಪೋಸಿ ಉಂಗುರಗಳು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಬಹಳಷ್ಟಿವೆ. ಹದಿನೇಳನೇ ಶತಮಾನದವನ್ನು ಗಮನಿಸಿದರೆ ಹೊರಗೆ ಹೆಚ್ಚಾಗಿ ಬರೀ ನುಣುಪು ಚಿನ್ನ. ಪ್ರಾಸದ ಒಂದು ಸಾಲು ಇರುವುದು ಒಳಮೈಯಲ್ಲಿ, ತೊಟ್ಟವರ ಚರ್ಮಕ್ಕೆ ಒತ್ತುವಂತೆ. ಉಂಗುರ ಕಳಚದ ಹೊರತು ಆ ಅಕ್ಷರ ಯಾರಿಗೂ ಕಾಣದು. ಷೇಕ್ಸ್‌ಪಿಯರ್‌ನ ವೆನಿಸ್ ವರ್ತಕನ ನಾಟಕದ ಕೊನೆಯಲ್ಲಿ ಗ್ರಾಷಿಯಾನೊ ಇಂಥದ್ದನ್ನೇ ಬೇರೆಯವರಿಗೆ ಕೊಟ್ಟು ಬಂದು, ಅದೇನು ಮಹಾ ಬೆಲೆಯದ್ದಲ್ಲವೆಂದು ಜಾರಿಕೊಳ್ಳಲು ನೋಡುತ್ತಾನೆ. ಬೆಲೆಯ ಮಾತೇಕೆ, ಆಣೆಯ ಮಾತೇನಾಯಿತು ಎಂದು ಹೆಂಡತಿ ನೆರಿಸ್ಸಾ ಹಿಡಿದುಕೊಳ್ಳುತ್ತಾಳೆ. ಪ್ರಾಮಿಸ್ ರಿಂಗಿನ ಅರ್ಥ ಅಸ್ಪಷ್ಟ ಎಂದು ಈಗ ದೂರುವವರು ಈ ಜಗಳ ಎಷ್ಟು ಹಳೆಯದೆಂದು ಮರೆಯುತ್ತಾರೆ.

1753ರ ಹಾರ್ಡ್‌ವಿಕ್ ಕಾಯ್ದೆ ಇಂಥ ಬಾಯಿಮಾತಿನ ಮದುವೆಗಳಿಗೆ ಕೊನೆ ಹಾಡಿತು. ಮಾತು ತಪ್ಪಿದವರಿಂದ ಪರಿಹಾರ ಕೇಳುವ ಹಾದಿ ಉಳಿದಿತ್ತು. ಅದನ್ನೂ ಇಂಗ್ಲೆಂಡ್ 1970ರ ಕಾಯ್ದೆಯಲ್ಲಿ ಮುಚ್ಚಿತು. ಅಮೆರಿಕದ ರಾಜ್ಯಗಳು ಆ ಕೆಲಸವನ್ನು 1935ರಲ್ಲಿ ಇಂಡಿಯಾನಾದಿಂದ ಆರಂಭಿಸಿದ್ದವು. ಅಲ್ಲಿ ವಜ್ರದ ಉಂಗುರದ ಬೇಡಿಕೆ ಏರತೊಡಗಿದ್ದೂ ಅದೇ ಸುಮಾರಿಗೆ, ಡಿ ಬೀರ್ಸ್ ಕಂಪನಿಯ ಜಾಹೀರಾತಿಗಿಂತ ಮೊದಲೇ ಎಂದು ಕಾನೂನು ವಿದ್ವಾಂಸೆ ಮಾರ್ಗರೆಟ್ ಬ್ರಿನಿಗ್ 1990ರಲ್ಲಿ ವಾದಿಸಿದರು. ಕೋರ್ಟು ಕೈಬಿಟ್ಟಾಗ ದುಬಾರಿ ಉಂಗುರವೇ ಹೆಣ್ಣಿನ ಕೈಯಲ್ಲಿರುವ ಅಡವಾಯಿತು ಎಂಬುದು ಅವರ ತರ್ಕ. ಪ್ರೇಮಕ್ಕೆ ಲೇವಾದೇವಿಯ ಲೆಕ್ಕ ಹಚ್ಚಿದಂತೆ ಕೇಳಿಸೀತು, ಆದರೆ ಇಸವಿಗಳ ಕ್ರಮ ಅವರ ಕಡೆಗಿದೆ. ವಜ್ರ ಎಂದೆಂದಿಗೂ ಎಂಬ ಅರ್ಥದ ಪ್ರಸಿದ್ಧ ಘೋಷವಾಕ್ಯ ಬಂದದ್ದು 1947ರಲ್ಲಿ. ವ್ಯಾಪಾರಿ ಬೇಡಿಕೆಯನ್ನು ಹಿಗ್ಗಿಸಬಲ್ಲ, ಅದು ಇಲ್ಲದ ಕಡೆ ಬರೀ ಮಾತಿನಿಂದ ಹುಟ್ಟಿಸುವುದು ಕಷ್ಟ. ಪ್ರಾಮಿಸ್ ರಿಂಗ್ ವಿಷಯದಲ್ಲೂ ಹೀಗೆಯೇ. 1956ರಲ್ಲಿ ಅಮೆರಿಕದ ಹೆಣ್ಣುಮಕ್ಕಳ ಮೊದಲ ಮದುವೆಯ ಮಧ್ಯಕ ವಯಸ್ಸು 20ರ ಆಸುಪಾಸಿನಲ್ಲಿತ್ತು, ಈಗ 28 ದಾಟಿದೆ. ಪ್ರೀತಿಗೂ ಮದುವೆಗೂ ನಡುವೆ ವರ್ಷಗಟ್ಟಲೆ ಬಿಡುವು ಬಂತು. ಆ ಬಿಡುವಿಗೆ ಯಾವ ಕಾಯ್ದೆಯೂ ಇಲ್ಲ, ಶಾಸ್ತ್ರವೂ ಇಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಉಂಗುರ ತೊಟ್ಟರೇನು, ಮಾತು ಉಳಿಯುತ್ತದೆಯೇ? 1990ರ ದಶಕದಲ್ಲಿ ಅಮೆರಿಕದ ಚರ್ಚುಗಳು ಮದುವೆಯವರೆಗೆ ಬ್ರಹ್ಮಚರ್ಯದ ಪ್ರತಿಜ್ಞೆ ಮಾಡಿಸಿ ಹರೆಯದವರಿಗೆ ಬೆಳ್ಳಿ ಉಂಗುರ ತೊಡಿಸತೊಡಗಿದವು. ಪ್ರತಿಜ್ಞೆ ಮಾಡಿದ ಐದು ವರ್ಷಗಳ ನಂತರ ಅವರ ನಡತೆ ಅವರಂಥದೇ ಹಿನ್ನೆಲೆಯ ಇತರರಿಗಿಂತ ಬೇರೆಯಾಗಿರಲಿಲ್ಲ ಎಂದು ಸಂಶೋಧಕಿ ಜಾನೆಟ್ ರೋಸೆನ್‌ಬಾಮ್ 2009ರಲ್ಲಿ ತೋರಿಸಿದರು. ಪ್ರತಿಜ್ಞೆ ಮಾಡಿದವರಲ್ಲೇ, ಅಂಥದ್ದನ್ನು ಮಾಡಿಯೇ ಇಲ್ಲ ಎಂದವರು ಶೇ 82. ಉಂಗುರವೆಂದರೆ ಸಾಕ್ಷಿ ಎನ್ನುವ ನನ್ನ ವಾದಕ್ಕೂ ಈ ಅಂಕಿ ಇರಿಸುಮುರಿಸು ತರುವಂಥದ್ದೇ. ಆದರೆ ಅಲ್ಲಿ ಮಾತು ಬೇಡಿದ್ದು ಹಿರಿಯರು, ಕೊಟ್ಟದ್ದು ಸಾಲಾಗಿ ನಿಂತ ಗುಂಪು. ಇಬ್ಬರ ನಡುವಿನ ಉಂಗುರವಾದರೆ ಮಾತು ಪಡೆದವರು ಎದುರಿಗೇ ಇರುತ್ತಾರೆ, ಮರೆತೆನೆಂದರೆ ಬಿಡುವವರಲ್ಲ. ಮಾತನ್ನು ಉಳಿಸುವ ಶಕ್ತಿ ಉಂಗುರಕ್ಕಿದೆ ಎಂದು ನಾನೂ ಹೇಳುತ್ತಿಲ್ಲ.

ನಮ್ಮಲ್ಲಿ ಹಿರಿಯರ ಮುಂದೆ ತಾಂಬೂಲ ಬದಲಾಯಿಸಿಕೊಂಡು ಸಂಬಂಧ ನಿಶ್ಚಯಿಸುವಾಗ ಉಂಗುರ ಅನಿವಾರ್ಯವೇನೂ ಆಗಿರಲಿಲ್ಲ, ನೆರೆದವರೇ ಸಾಕ್ಷಿ. ಗುಟ್ಟಾಗಿ ಗಾಂಧರ್ವ ವಿವಾಹವಾದ ಕಾಳಿದಾಸನ ಶಕುಂತಲೆಗೆ ಅದು ಬೇಕಾಯಿತು. ಫೆಬ್ರುವರಿ 11ರ ಪ್ರಾಮಿಸ್ ಡೇ ದಿನ ಮನೆಯವರಿಗೆ ತಿಳಿಸದೆ ಉಂಗುರ ಕೊಡುವ ಹುಡುಗ ಹುಡುಗಿಯರೂ ಅವಳ ಸಾಲಿನವರೇ. ಒಂದು ವ್ಯತ್ಯಾಸವುಂಟು. ಇಂಗ್ಲೆಂಡ್, ಅಮೆರಿಕಗಳಲ್ಲಿ ಕಾನೂನು ಕೈಬಿಡುತ್ತ ಬಂದ ಮಾತನ್ನು ಇಲ್ಲಿ ಬಿಗಿಯಾಗಿ ಹಿಡಿದಿದೆ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಮಿನಂತೆ, ನಡೆಸುವ ಉದ್ದೇಶವಿಲ್ಲದೆ ಮದುವೆಯ ಮಾತು ಕೊಟ್ಟು ಹೆಣ್ಣಿನೊಂದಿಗೆ ದೈಹಿಕ ಸಂಬಂಧ ಬೆಳೆಸಿದವನಿಗೆ ಹತ್ತು ವರ್ಷಗಳವರೆಗೆ ಸಜೆಯಾಗಬಹುದು. ಉಂಗುರ ಕೊಂಡ ದಿನವನ್ನು ಅಂಗಡಿಯ ರಸೀದಿ ಹೇಳೀತು. ಕೊಡುವಾಗಿನ ಉದ್ದೇಶ ಏನಿತ್ತೆಂಬುದಕ್ಕೆ ನ್ಯಾಯಾಲಯ ಬೇರೆ ಪುರಾವೆಯನ್ನೇ ಹುಡುಕಬೇಕಾಗುತ್ತದೆ.