ಮಗು ಯಾರ ಬಳಿ ಇರಬೇಕು? ವರದಿಯೂ ತಕರಾರೂ

ದಂಪತಿಗಳು ಬೇರೆಯಾದಾಗ ಪಾತ್ರೆ ಪಡಗಗಳನ್ನು ಹಂಚಿಕೊಳ್ಳಬಹುದು, ಮಗುವನ್ನು ಹಂಚಿಕೊಳ್ಳಲಾಗದು. ಮಕ್ಕಳು ತಂದೆತಾಯಿಗಳ ಸೊತ್ತಲ್ಲ, ಆಟಿಕೆಯೂ ಅಲ್ಲವೆಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟು 1973ರಲ್ಲಿಯೇ ಆಡಿದೆ.

ಆದರೆ ನ್ಯಾಯಾಧೀಶರು ಪ್ರತಿ ಮನೆಯ ಜಗಲಿಗೂ ಬಂದು ನೋಡಲಾರರಷ್ಟೆ. ಅದಕ್ಕಾಗಿ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯು ಆಪ್ತಸಮಾಲೋಚಕರ ಹಾಗೂ ತಜ್ಞರ ನೆರವನ್ನು ಒದಗಿಸಿದೆ. ಅವರು ತಾಯಿತಂದೆಯರನ್ನು ಕಂಡು, ಮಗುವಿನೊಡನೆ ಮಾತನಾಡಿ ವರದಿ ಬರೆಯುತ್ತಾರೆ. 'ಮಗು ತಂದೆಯ ಬಳಿ ಇರುವುದು ಲೇಸು' ಎಂದು ಆ ವರದಿಯಲ್ಲಿದ್ದರೆ ತಾಯಿಯಾದವಳು ಎಲ್ಲ ಮುಗಿಯಿತೆಂದು ಕುಸಿಯುವುದುಂಟು. ಮುಗಿದಿಲ್ಲ.

ವ್ಯಾಕರಣದ ಮೇಷ್ಟ್ರ ಚಪಲವನ್ನು ಓದುಗರು ಮನ್ನಿಸಬೇಕು. ವರದಿಯದು ಸಂಭಾವನಾರ್ಥ: 'ಮಗು ಅಲ್ಲಿ ಸುಖವಾಗಿದ್ದೀತು'. ತೀರ್ಪಿನದು ವಿಧ್ಯರ್ಥ: 'ಮಗು ಅಲ್ಲಿರಲಿ'. ಇವೆರಡರ ನಡುವೆ ನ್ಯಾಯಾಧೀಶರ ವಿವೇಚನೆಯಿದೆ. ನಿಮ್ಮ ಮಾತಿಗೆ ಎಡೆಯಿರುವುದೂ ಅಲ್ಲಿಯೇ. ಹಾಗೆಂದು ವರದಿಯನ್ನು ಹಗುರವಾಗಿ ಕಾಣಬಾರದು. ಕಾಯಿದೆಯ 14ನೆಯ ಪ್ರಕರಣದಂತೆ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸಬಹುದು. ಸಮಾಲೋಚಕರ ಮುಂದಿನ ಸಂಗತಿ ಗೋಪ್ಯವೆಂಬ ವಾದವೂ ಮಗುವಿನ ಸುಪರ್ದಿಯ ವ್ಯಾಜ್ಯದಲ್ಲಿ ನಿಲ್ಲದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು.

ಮೊದಲು ವರದಿಯ ನಕಲನ್ನು ಕೇಳಿ ಅರ್ಜಿ ಕೊಡಿ. ಸಿಕ್ಕಿದಾಗ ಕೋಪದಲ್ಲಿ ಒಮ್ಮೆ ಓದಿ, ಮರುದಿನ ಪೆನ್ಸಿಲು ಹಿಡಿದು ಮತ್ತೊಮ್ಮೆ ಓದಿ. ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂದು ಗೆರೆ ಎಳೆಯಿರಿ. ಸಮಾಲೋಚಕರು ಮಗುವನ್ನು ಎಷ್ಟು ಸಲ ಕಂಡರು? ಎಲ್ಲಿ? ಆಗ ಪಕ್ಕದಲ್ಲಿ ಯಾರಿದ್ದರು? ದಿನವೂ ಅನ್ನವಿಕ್ಕುವ ಅಜ್ಜಿಯನ್ನು ವಿಚಾರಿಸಿದರೇ? 'ಮಗು ತಾಯಿಯ ವಿಷಯವಾಗಿ ಮೌನವಾಗಿತ್ತು' ಎಂದು ಬರೆದಿದ್ದರೆ, ಆ ಮೌನ ಯಾವ ಹೊತ್ತಿನದು? ನಮ್ಮ ತರಗತಿಗೆ ಶಿಕ್ಷಣಾಧಿಕಾರಿಗಳು ಬಂದ ದಿನ ಮಗ್ಗಿಯನ್ನು ಪಟಪಟನೆ ಒಪ್ಪಿಸುವ ಹುಡುಗನೂ ಎರಡೆರಡಲೆ ಎಷ್ಟೆಂಬುದನ್ನು ಮರೆತು ನಿಲ್ಲುತ್ತಾನೆ. ಅದು ದಡ್ಡತನವಲ್ಲವೆಂದು ಬಲ್ಲವರು ಬಲ್ಲರು.

ತಕರಾರನ್ನು ಬರಹದಲ್ಲಿಯೇ ಸಲ್ಲಿಸಬೇಕು. ಸಮಾಲೋಚಕರು ಪಕ್ಷಪಾತಿಗಳೆಂದು ಆಧಾರವಿಲ್ಲದೆ ಬೈದರೆ ಬೈದವರೇ ಸಣ್ಣವರಾಗುತ್ತಾರೆ. ತಪ್ಪಾದ ಸಂಗತಿಯೆದುರು ಸರಿಯಾದ ದಾಖಲೆಯನ್ನಿಡಿ. ಶಾಲೆಯ ಪ್ರಗತಿಪತ್ರದಲ್ಲಿ ಪೋಷಕರ ರುಜು ಯಾರದು, ಜ್ವರ ಬಂದಾಗ ವೈದ್ಯರ ಚೀಟಿ ಯಾರ ಕೈಯಲ್ಲಿತ್ತು, ಶುಲ್ಕದ ರಸೀದಿ ಯಾರ ಹೆಸರಿನಲ್ಲಿದೆ ಎಂಬಂಥ ಸಣ್ಣ ಕಾಗದಗಳು ದೊಡ್ಡ ಭಾಷಣಕ್ಕಿಂತ ಚೆನ್ನಾಗಿ ಮಾತನಾಡುತ್ತವೆ. ವರದಿ ಬರೆದವರನ್ನು ಕರೆಸಿ ಪಾಟೀಸವಾಲು ಮಾಡಲು, ಇಲ್ಲವೆ ಮತ್ತೊಬ್ಬ ತಜ್ಞರಿಂದ ಪರಿಶೀಲನೆ ಮಾಡಿಸಲು ಅನುಮತಿ ಬೇಡಬಹುದು. ಕೊಡುವುದು ನ್ಯಾಯಾಲಯದ ವಿವೇಚನೆ.

ಮಗುವನ್ನೇ ಕೇಳಿರೆಂದು ನ್ಯಾಯಾಧೀಶರನ್ನು ಪ್ರಾರ್ಥಿಸುವ ದಾರಿಯೂ ಇದೆ. ಬುದ್ಧಿ ಬಲಿತ ಮಗುವಿನ ಇಷ್ಟವನ್ನು ಪರಿಗಣಿಸಬಹುದೆಂದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯಿದೆಯ 17ನೆಯ ಪ್ರಕರಣ ಹೇಳುತ್ತದೆ. 2008ರಲ್ಲಿ ಸುಪ್ರೀಂ ಕೋರ್ಟು ಕೆಳಗಿನ ನ್ಯಾಯಾಲಯಗಳ ಆದೇಶವನ್ನು ರದ್ದುಮಾಡಿದ ಒಂದು ಮೊಕದ್ದಮೆಯಲ್ಲಿ, ಮಗುವಿನ ಇಷ್ಟವನ್ನು ವಿಚಾರಿಸದಿದ್ದುದೂ ಒಂದು ಲೋಪವೆನಿಸಿತು. ಆದರೆ ದಯವಿಟ್ಟು ಮಗುವಿಗೆ ಪಾಠ ಒಪ್ಪಿಸಿ ಕಳುಹಿಸಬೇಡಿರಿ. ಉರುಹೊಡೆದ ಉತ್ತರವನ್ನು ಗುರುತಿಸುವುದು ನಮ್ಮಂಥ ಮೇಷ್ಟ್ರಿಗೇ ಸುಲಭ, ನ್ಯಾಯಾಧೀಶರಿಗೆ ಕಷ್ಟವೇ? ಅದಕ್ಕಿಂತ ಮಿಗಿಲಾಗಿ, ಅಪ್ಪನನ್ನು ದೂರಲು ಕಲಿತ ಮಗು ಆ ಭಾರವನ್ನು ಬಹುಕಾಲ ಹೊರುತ್ತದೆ.

ಇಷ್ಟಾಗಿಯೂ ಅಂತಿಮ ಆದೇಶ ವಿರುದ್ಧವಾಗಿ ಬಂದರೆ 30 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು. ಮಧ್ಯಂತರ ಆದೇಶದ ಮೇಲೆ ಈ ಕಾಯಿದೆಯಡಿ ಮೇಲ್ಮನವಿಯಿಲ್ಲ. ರಿಟ್ ಅರ್ಜಿಯ ಮಾರ್ಗವನ್ನು ವಕೀಲರೊಡನೆ ವಿಚಾರಿಸಬೇಕು. ಸುಪರ್ದಿಯ ಆದೇಶವೂ ಕಲ್ಲಿನ ಮೇಲಣ ಶಾಸನವಲ್ಲ. ಸನ್ನಿವೇಶ ಬದಲಾದರೆ ಅದನ್ನು ಮಾರ್ಪಡಿಸಲು ಕೇಳಬಹುದು.

ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರನ್ನಿಡುವುದು ಹಕ್ಕಲ್ಲ, ಅನುಮತಿ ಪಡೆಯಬೇಕು. ವಕೀಲರಿಗೆ ಕೊಡಲು ಹಣವಿಲ್ಲದ ತಾಯಂದಿರು ಇದನ್ನು ಗುರುತು ಹಾಕಿಕೊಳ್ಳಲಿ: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರೂ ಮಕ್ಕಳೂ ಆದಾಯವೆಷ್ಟೇ ಇರಲಿ ಉಚಿತ ನೆರವಿಗೆ ಅರ್ಹರು. ನಿಮ್ಮ ತಾಲ್ಲೂಕಿನ ನ್ಯಾಯಾಲಯಕ್ಕೆ ಹೋಗಿ ಕಾನೂನು ಸೇವಾ ಸಮಿತಿ ಎಲ್ಲಿದೆಯೆಂದು ಕೇಳಿರಿ.